ಹುಬ್ಬಿನಕ್ಕ ಹಾಕಿದ ಬಣ್ಣ

ಹುಬ್ಬಿನಕ್ಕ ತೀರಿಕೊಂಡಳೆಂದು ಬ್ಯಾಡಗಿಯಿಂದ ಅವಳ ತಂಗಿ ಫೋನು ಮಾಡಿದಾಗ ನಾನು ಗಿರಾಕಿಯೊಬ್ಬಳಿಗೆ ಜಂಪರ್ ಪೀಸು ಕತ್ತರಿಸುತ್ತಿದ್ದೆ. ಕತ್ತರಿ ನಿಲ್ಲಿಸಲಿಲ್ಲ. ಕತ್ತರಿಸಿ, ಮಡಚಿ, ಚೀಲಕ್ಕೆ ಹಾಕಿ ಕೊಟ್ಟೆ. ಆಕೆ ಮೆಟ್ಟಿಲಿಳಿದ ಮೇಲೆ ಶಟರ್ ಅರ್ಧ ಎಳೆದು ಒಳಗೆ ಕೂತೆ. ಅಳು ಬರಲಿಲ್ಲ, ಸಿಟ್ಟು ಬಂತು. ಸತ್ತವಳ ಮೇಲಲ್ಲ, ಉಳಿದವರ ಮೇಲೆ. ಆ ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ರಾಣೆಬೆನ್ನೂರಿನಲ್ಲಿ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನನ್ನದೊಂದು ಮ್ಯಾಚಿಂಗ್ ಸೆಂಟರ್ ಇದೆ. ಸೀರೆಗೆ ಹೊಂದುವ ಜಂಪರ್ ಬಟ್ಟೆ, ಫಾಲು, ಲೈನಿಂಗು, ದಾರ ಮಾರುವ ಅಂಗಡಿ. ಅದರ ಗೋಡೆಗೆ ಗೋಡೆ ಹತ್ತಿದ್ದು ಅವಳ ಪಾರ್ಲರ್. ದಾರ ಹಿಡಿದು ಹುಬ್ಬು ತಿದ್ದುವುದರಿಂದ ಶುರುಮಾಡಿದವಳು, ಮೊದಲು ಹುಬ್ಬಳ್ಳಿಗೆ, ಆಮೇಲೆ ಬೆಂಗಳೂರಿಗೆ ಹೋಗಿ, ಚರ್ಮದೊಳಗೆ ಸೂಜಿಯಿಂದ ಬಣ್ಣ ಇಳಿಸಿ ಹುಬ್ಬು ಬರೆಯುವುದನ್ನು ಕಲಿತು ಬಂದಳು. ಬೋರ್ಡಿನ ಮೇಲೆ 'ಪರ್ಮನೆಂಟ್ ಮೇಕಪ್' ಎಂದು ಬರೆಸಿದಳು. ನಮ್ಮ ಹೆಂಗಸರು ಅದನ್ನು 'ಹೋಗಲಾರದ ಹುಬ್ಬು' ಅಂದರು, ಅವಳನ್ನು ಹುಬ್ಬಿನಕ್ಕ ಅಂದರು. ಅವಳ ಖರೆ ಹೆಸರು ಓಣಿಯಲ್ಲಿ ಎಷ್ಟು ಮಂದಿಗೆ ಗೊತ್ತಿತ್ತೋ ನಾ ಕಾಣೆ.

ಅವಳ ಹುಬ್ಬು ಮಾತ್ರ ಬೋಳು ಬೋಳು. ಎರಡೂ ಕಡೆ ನಾಲ್ಕು ಕೂದಲು, ಅವೂ ನರೆತವು. "ಅಕ್ಕಾ, ಊರಿಗೆಲ್ಲಾ ಬರೀತಿ, ನಿಂದೊಂದು ಬರ್ಕೋಬಾರದೇನ?" ಎಂದು ನಾನು ಚೇಷ್ಟೆ ಮಾಡಿದರೆ, "ನನ್ನ ಹುಬ್ಬ ನೋಡಾಕ ಯಾರ್ ಬರ್ತಾರಲೇ" ಎಂದು ಕನ್ನಡಕವನ್ನು ತಲೆಗೆ ಏರಿಸಿಕೊಳ್ಳುತ್ತಿದ್ದಳು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಬ್ಯಾಡಗಿಯಲ್ಲಿದ್ದ ತಂಗಿಯ ಮಗಳನ್ನೇ ಮಗಳೆಂದುಕೊಂಡಿದ್ದಳು. ಆ ಹುಡುಗಿ ಸಣ್ಣವಳಿದ್ದಾಗ ಸೂಟಿ ಬಿಟ್ಟರೆ ಸಾಕು, ದೊಡ್ಡವ್ವನ ಹತ್ತಿರ ಬಂದು ಇಡೀ ದಿನ ನಮ್ಮ ಕಟ್ಟೆಯ ಮೇಲೆ ಆಡುತ್ತಿತ್ತು.

ಆ ಕಟ್ಟೆಗಾಗಿ ನಾವಿಬ್ಬರೂ ಜಗಳಾಡಿದ್ದೇ ಹೆಚ್ಚು. ಟ್ಯೂಬ್‌ಲೈಟಿನ ಕೆಳಗೆ ಜಂಪರ್ ಪೀಸು ಮ್ಯಾಚ್ ಮಾಡಿ ಕೊಟ್ಟರೆ ಗಿರಾಕಿ ಮರುದಿನ ವಾಪಸ್ ಬರುವುದು ಖಾತ್ರಿ. ಅದಕ್ಕೆ ನಾನು ಸೀರೆಯನ್ನು ಹೊರಗೆ ತಂದು ಹಗಲು ಬೆಳಕಿನಲ್ಲಿ ಹಿಡಿಯುತ್ತೇನೆ. ಅವಳೂ ಹಾಗೇ, ಮುಖಗಳನ್ನು ಹೊರಗೆ ತರುತ್ತಿದ್ದಳು. ಬಂದವಳನ್ನು ಕಟ್ಟೆಯ ಮೇಲೆ ಕೂರಿಸಿ, ಎರಡು ಬೆರಳಿನಲ್ಲಿ ಗದ್ದ ಹಿಡಿದು ಆಚೆ ಈಚೆ ತಿರುಗಿಸುತ್ತಿದ್ದಳು. ಕಿವಿಯ ಹಿಂದೆ ನೋಡುತ್ತಿದ್ದಳು. ಮುಂಗೈ ಮಗುಚಿ ನರಗಳ ಬಣ್ಣ ನೋಡುತ್ತಿದ್ದಳು. "ನಿನ್ನ ಸೀರಿ ಸರಸು, ನನಗ ಮುಖ ನೋಡೂದೈತಿ" ಎಂದು ನನ್ನ ಗಿರಾಕಿಯ ಎದುರಿಗೇ ಗದರುವಳು. ಮುಂದಿನ ಗಳಿಗೆಗೆ ನನ್ನ ಅಂಗಡಿಗೇ ಕೈ ಚಾಚಿ, "ಒಂದ ರಾಣಿ ಬಣ್ಣದ ತುಂಡು, ಒಂದ ಕೇಸರಿ ತುಂಡು ಕೊಡವಾ" ಅನ್ನುವಳು. ಆ ತುಂಡುಗಳನ್ನು ಒಂದಾದ ಮೇಲೊಂದರಂತೆ ಬಂದವಳ ಕೊರಳಿಗೆ ಹಿಡಿದು ಕಣ್ಣು ಕಿರಿದು ಮಾಡಿ ನೋಡುವಳು. ಕೇಸರಿಗೆ ಮುಖ ಕಳೆಗಟ್ಟಿದರೆ ಒಳಗೆ ಹಳದಿ ಇದೆ ಅಂತ. ರಾಣಿ ಬಣ್ಣಕ್ಕೆ, ಅಂದರೆ ಆ ಕಡುಗುಲಾಬಿಗೆ, ಕಳೆಗಟ್ಟಿದರೆ ಒಳಗೆ ನೀಲಿ.

ನಾನು ಮೊದಮೊದಲು ನಗುತ್ತಿದ್ದೆ. ಎಲ್ಲರೂ ಬಿಸಿಲಿಗೆ ಬೆಂದ ಒಂದೇ ಕಂದು ಬಣ್ಣದವರು, ಅದರಲ್ಲಿ ಒಳಗಿನದೇನು ಹೊರಗಿನದೇನು ಅಂತ. ಒಂದು ದಿನ ನನ್ನ ಅತ್ತೆ ಅಂಗಡಿಗೆ ಬಂದಿದ್ದಾಗ ಅವರ ಮುಂಗೈಯ ಹಚ್ಚೆ ತೋರಿಸಿ ಕೇಳಿದಳು, "ಇದು ಹಾಕಿದಾಗ ಯಾವ ಬಣ್ಣ ಇತ್ತು, ಕೇಳು." ಅತ್ತೆ ಅಂದರು, "ಕರ್ರಗಿತ್ತವ್ವಾ, ದೀಪದ ಕಾಡಿಗಿ." ಈಗ ಅದು ಹಸಿರು-ನೀಲಿ. "ನೋಡಿದ್ಯಾ? ಚರ್ಮದ ಮ್ಯಾಲಿನ ಬಣ್ಣ ಬಿಸಲಿಗೆ ಬದಲಾಗ್ತೈತಿ. ಒಳಗಿನದು ಸಾಯೂಮಟ ಒಂದ. ನಾ ಹಾಕೋ ಬಣ್ಣ ಅದರ ಜೋಡಿ ಸಂಸಾರ ಮಾಡ್ಬೇಕು. ಹೊಂದ್ಲಿಲ್ಲಂದ್ರ ವರ್ಷದಾಗ ಬೂದಿ ಆಕ್ಕೈತಿ, ನೀಲಿ ಆಕ್ಕೈತಿ. ಸೀರಿ ಆದ್ರ ವಾಪಸ್ ತರ್ತಾರ. ಮುಖ ಎಲ್ಲಿ ತರ್ತಾರ?"

ಬಣ್ಣದ ಸೀಸೆಗಳ ಮೇಲಿನ ಇಂಗ್ಲಿಷ್ ಹೆಸರುಗಳನ್ನು ಅವಳು ಕಣ್ಣೆತ್ತಿ ನೋಡುತ್ತಿರಲಿಲ್ಲ. ಅವಕ್ಕೆಲ್ಲ ತಾನೇ ಹೆಸರಿಟ್ಟಿದ್ದಳು. ಒಂದು ಹಳೇ ಬೆಲ್ಲ, ಒಂದು ಹುರಿದ ಶೇಂಗಾ, ಒಂದು ಕೆಮ್ಮಣ್ಣು. ಒಳಗೆ ನೀಲಿ ಇದ್ದವರಿಗೆ ಕೆಮ್ಮಣ್ಣು ಜಾಸ್ತಿ ಬೀಳಬೇಕು, ಇಲ್ಲದಿದ್ದರೆ ಬಣ್ಣ ಸತ್ತುಹೋಗುತ್ತದೆ. ಹಳದಿ ಇದ್ದವರಿಗೆ ಕೆಮ್ಮಣ್ಣು ಕಡಿಮೆ, ಇಲ್ಲದಿದ್ದರೆ ಹುಬ್ಬು ಕೆಂಪಗೆ ಕಾಣುತ್ತದೆ. ಇಷ್ಟೇ ಅವಳ ಲೆಕ್ಕ. ಮಾತು ಇಷ್ಟೇ ಆದರೂ ಕೈಗೆ ಬರಲು ಅವಳಿಗೆ ಎಷ್ಟೋ ವರ್ಷ ಹಿಡಿದಿತ್ತು.

ಅವಳದೊಂದು ಹಟವಿತ್ತು, ಅದರಿಂದ ಅರ್ಧ ಗಿರಾಕಿಗಳನ್ನು ಕಳೆದುಕೊಂಡಳು. ಬಣ್ಣ ಆರಿಸುವ ಮೊದಲು ಒಂದು ಅಮಾವಾಸ್ಯೆಯಿಂದ ಇನ್ನೊಂದು ಅಮಾವಾಸ್ಯೆಯವರೆಗೆ ಮುಖಕ್ಕೆ ಅರಿಷಿಣ ಹಚ್ಚಬಾರದು. ನಮ್ಮ ಕಡೆ ದಿನಾ ಅರಿಷಿಣ ಹಚ್ಚಿ ಮುಖ ತೊಳೆಯುವವರು ಈಗಲೂ ಬೇಕಾದಷ್ಟಿದ್ದಾರೆ. ಹಚ್ಚಿ ಹಚ್ಚಿ ಅದು ಚರ್ಮಕ್ಕೆ ಇಳಿದು, ನೀಲಿ ಒಳಬಣ್ಣದವಳೂ ಹಳದಿಯವಳಂತೆ ಕಾಣುತ್ತಾಳೆ. "ಅರಿಷಿಣ ನೋಡಿ ಬಣ್ಣ ಹಾಕಿದ್ರ ಮುಗೀತು" ಅನ್ನುತ್ತಿದ್ದಳು. ಹತ್ತಿಯನ್ನು ಕೊಬ್ಬರಿ ಎಣ್ಣೆಯಲ್ಲಿ ಅದ್ದಿ ಕಿವಿಯ ಹಿಂದೆ ಒರೆಸುವಳು. ಹತ್ತಿ ಹಳದಿಯಾದರೆ, "ಅಮಾಸಿ ದಾಟ್ಲಿ, ಆಮ್ಯಾಲ ಬರ್ರಿ" ಎಂದು ಎಬ್ಬಿಸಿ ಕಳಿಸುವಳು.

ಒಮ್ಮೆ ಕಾಗಿನೆಲೆ ಕಡೆಯ ಅತ್ತೆಯೊಬ್ಬಳು ಸೊಸೆಯನ್ನು ಕರೆತಂದಿದ್ದಳು. ಸೊಸೆಗೆ ಸುಟ್ಟಗಾಯದಿಂದ ಒಂದು ಹುಬ್ಬು ಹೋಗಿತ್ತು. ಅರಿಷಿಣ ಬಿಡಬೇಕು ಅಂದ ಕೂಡಲೇ ಅತ್ತೆ ಸೆಟೆದು ನಿಂತಳು. ಹುಬ್ಬಿನಕ್ಕನ ಬರಿ ಹಣೆ ನೋಡಿ, "ನಿನಗ ಅರಿಷಿಣ ಇಲ್ಲಂತ ನನ್ನ ಸೊಸೀಗೂ ಬ್ಯಾಡಂತೀಯೇನ?" ಅಂದುಬಿಟ್ಟಳು. ಕಟ್ಟೆಯ ಮೇಲಿದ್ದ ನಾನು ಬಾಯಿ ತೆರೆದೆ, ಆದರೆ ಹುಬ್ಬಿನಕ್ಕ ಕೈಯಿಂದಲೇ ತಡೆದಳು. "ಹೌದ್ರಿ ಯಕ್ಕಾ, ಬ್ಯಾಡಂತೀನಿ" ಅಂದಳು, ಅಷ್ಟೇ. ಅವರು ಹೋದ ಮೇಲೆ ಒಂದು ತಂಬಿಗೆ ನೀರು ಗಟಗಟ ಕುಡಿದು, ಏನೂ ಆಗದವಳಂತೆ ಸೂಜಿ ಕುದಿಸಲು ಇಟ್ಟಳು. ಆ ಮಾತು ಅವಳಿಗೆ ಹೊಸದಾಗಿರಲಿಲ್ಲ.

ಹೊಸರಿತ್ತಿ ಕಡೆಯಿಂದ ಬಂದ ಒಬ್ಬ ಹೆಂಗಸು ನೆನಪಾಗುತ್ತಾಳೆ. ಕ್ಯಾನ್ಸರಿನ ಔಷಧಕ್ಕೆ ಹುಬ್ಬೆಲ್ಲ ಉದುರಿ ಮತ್ತೆ ಹುಟ್ಟಿರಲಿಲ್ಲ. ಎರಡು ಸಲ ಕೂತು ಕೆಲಸ ಮುಗಿದ ಮೇಲೆ ಕನ್ನಡಿ ಕೊಟ್ಟರೆ, ಆಕೆ ನೋಡಿಕೊಂಡಳು. ಪರ್ಸಿನಿಂದ ಕುಂಕುಮದ ಡಬ್ಬಿ ತೆಗೆದು ಹಣೆಗೆ ಇಟ್ಟುಕೊಂಡಳು. ಹುಬ್ಬಿಲ್ಲದೆ ಕುಂಕುಮ ಎಲ್ಲಿಡಬೇಕೆಂದೇ ತಿಳಿಯುತ್ತಿರಲಿಲ್ಲವಂತೆ. ಆವತ್ತು ಹುಬ್ಬಿನಕ್ಕ ನನಗೆ ಮಿರ್ಚಿ ತರಿಸಿಕೊಟ್ಟಳು. ಇಂಥ ದಿನಗಳೂ ಇದ್ದವು.

ತಂಗಿಯ ಮಗಳಿಗೆ ಕಾಲೇಜಿಗೆ ಹೋಗುವ ವಯಸ್ಸಿನಲ್ಲಿ ಬಾಯಿಯ ಎಡ ತುದಿಯಲ್ಲಿ ಬಿಳಿ ಮಚ್ಚೆ ಬಿತ್ತು. ಅಡಿಕೆಹೋಳಿನಷ್ಟು ಆಗಿ ಅಲ್ಲಿಗೇ ನಿಂತಿತು. ಹುಡುಗಿ ತಲೆ ಕೆಡಿಸಿಕೊಂಡಿರಲಿಲ್ಲ, ತಾಯಿಗೆ ಮಾತ್ರ ನಿದ್ದೆ ಹೋಯಿತು. ಹಾವೇರಿಯಿಂದ ಸಂಬಂಧ ಬಂತು. ಹುಡುಗನದು ಹಾರ್ಡ್‌ವೇರ್ ಅಂಗಡಿ. ಹುಬ್ಬಿನಕ್ಕ ತಾನೇ ಮುಂದೆ ಕೂತು, ಯಾವುದನ್ನೂ ಮುಚ್ಚದೆ, ಮಚ್ಚೆ ತೋರಿಸಿಯೇ ಹೇಳಿದಳು. ಆ ಹುಡುಗ ನೋಡಿದ, "ಇರ್ಲಿ ಬಿಡ್ರಿ, ಅದರಾಗೇನೈತಿ" ಅಂದ. ಊರಿಗೆ ಬಂದು ಇದನ್ನು ಹೇಳುವಾಗ ಅವಳ ಮುಖ ನೋಡಬೇಕಿತ್ತು. ಅಲ್ಲಿಗೇ ಎಲ್ಲರೂ ಕೈಮುಗಿದು ಸುಮ್ಮನಿದ್ದಿದ್ದರೆ ನಾನು ಇವತ್ತು ಬೇರೇನೋ ಬರೆಯುತ್ತಿದ್ದೆ.

ತಂಗಿ ಹಟ ಹಿಡಿದಳು. ಅಕ್ಷತೆ ಬೀಳುವಾಗ ಸಾವಿರ ಮಂದಿ ನೋಡುತ್ತಾರೆ, ಫೋಟೊದಲ್ಲಿ ಕಾಣುತ್ತದೆ, ಮುಚ್ಚಿಕೊಡು ಅಂತ. ಹುಬ್ಬಿನಕ್ಕ ಒಲ್ಲೆ ಅಂದಳು. ಹುಬ್ಬು ಬೇರೆ, ಮಚ್ಚೆಗೆ ಚರ್ಮದ ಬಣ್ಣವನ್ನೇ ತುಂಬುವುದು ಬೇರೆ, ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಎದ್ದು ಕಾಣುತ್ತದೆ ಅಂದಳು. ಕೊನೆಗೆ ಹುಡುಗಿಯೇ ಬಂದು ಕಟ್ಟೆಯ ಮೇಲೆ ಕೂತಳು. "ದೊಡ್ಡವ್ವಾ, ಕಂಡವರಿಗೆಲ್ಲಾ ಮಾಡ್ತಿ. ನನಗ ಯಾಕ ಒಲ್ಲಿ?" ಆ ಮಾತಿಗೆ ಅವಳ ಹಟವೆಲ್ಲ ಕರಗಿತು. ಅರಿಷಿಣದ ಕಟ್ಟಳೆ ಮಾತ್ರ ಸಡಿಲಿಸಲಿಲ್ಲ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಹುಡುಗಿಯ ಮುಖಕ್ಕೆ ಅರಿಷಿಣ ಸೋಕಕೂಡದೆಂದು ತಂಗಿಗೆ ತಾಕೀತು ಮಾಡಿ ಕಳಿಸಿದಳು.

ಅಮಾವಾಸ್ಯೆ ದಾಟಿ ಹುಡುಗಿ ಬಂದಳು. ಎಣ್ಣೆಯ ಹತ್ತಿ ಒರೆಸಿದರೆ ಬೆಳ್ಳಗೇ ಬಂತು. ಕೇಸರಿ ತುಂಡು, ರಾಣಿ ತುಂಡು ನಾನೇ ಹಿಡಿದೆ. ಕೇಸರಿಗೆ ಮುಖ ಕಳೆಗಟ್ಟಿತು. ನನಗೂ ಹಾಗೇ ಕಂಡಿತು, ಸುಳ್ಳು ಹೇಳುವುದಿಲ್ಲ. ಒಳಗೆ ಹಳದಿ ಎಂದು ತೀರ್ಮಾನಿಸಿ, ಕೆಮ್ಮಣ್ಣು ಕಡಿಮೆ ಹಾಕಿ ಬಣ್ಣ ಕಲಸಿದಳು. ಹಾಕಿದ ವಾರ, ಮದುವೆಯ ದಿನ, ಫೋಟೊಗಳಲ್ಲಿ ಮಚ್ಚೆ ಎಲ್ಲಿತ್ತೆಂದು ತಾಯಿಗೇ ಗುರುತು ಸಿಗಲಿಲ್ಲ.

ಮದುವೆಯಾಗಿ ಎರಡು ತಿಂಗಳಿಗೆ ಬಣ್ಣ ತಿರುಗಿತು. ಮೊದಲು ಬೂದಿ, ಆಮೇಲೆ ನೀಲಿ. ಬಾಯಿಯ ತುದಿಯಲ್ಲಿ ಯಾರೋ ಗುದ್ದಿದಂತೆ ಒಂದು ಕಲೆ. ಹುಬ್ಬಿನಕ್ಕ ಬ್ಯಾಡಗಿಗೆ ಓಡಿಹೋಗಿ ತಂಗಿಯನ್ನು ಕೂರಿಸಿ ಕೇಳಿದಾಗ ವಿಷಯ ಹೊರಬಿತ್ತು. ದಿನಾ ಸಂಜೆ ಕಡಲೆಹಿಟ್ಟಿನಲ್ಲಿ ಚಿಟಿಕೆ ಅರಿಷಿಣ ಕಲಸಿ, ಕಿವಿಯ ಹಿಂದೆ ಮಾತ್ರ ಹತ್ತದಂತೆ, ಮಗಳ ಮುಖ ತೊಳೆಸಿದ್ದಳು. "ಹಿಟ್ಟಿನ್ಯಾಗ ಚೂರ ಹಾಕಿದ್ದೆ, ಅದೂ ಲೆಕ್ಕಕ್ಕ ಬರ್ತೈತೇನು" ಅಂದಳಂತೆ ಮೊದಲು. ಆಮೇಲೆ ಅಳುತ್ತ ನಿಜ ಹೇಳಿದಳು. "ಮದುವಿ ಹುಡುಗಿ. ನಿನ್ನಂಥಾಕಿ ಬ್ಯಾಡಂದ್ಲು ಅಂತ ಅರಿಷಿಣ ಬಿಡಿಸಿದ್ರ ಅಪಶಕುನ ಅಲ್ಲೇನಕ್ಕಾ?" ಒಡಹುಟ್ಟಿದ ತಂಗಿ ಆಡಿದ ಮಾತು ಇದು. ಇದನ್ನು ನನಗೆ ಹೇಳುವಾಗ ಹುಬ್ಬಿನಕ್ಕನ ದನಿ ಏರಲಿಲ್ಲ, ಇಳಿಯಲಿಲ್ಲ. ಬಸ್ಸಿನ ಟೈಮು ಹೇಳುವ ಹಾಗೆ ಹೇಳಿದಳು.

ಕೆಮ್ಮಣ್ಣಿನ ಬಣ್ಣ ಮೇಲೆ ಹಾಕಿ ಸರಿಮಾಡಲು ನೋಡಿದಳು. ಕಲೆ ಇನ್ನಷ್ಟು ಕಪ್ಪಿಟ್ಟಿತು. ಹುಬ್ಬಳ್ಳಿಯ ಚರ್ಮದ ಡಾಕ್ಟರು, ಲೇಸರ್ ಹೊಡೆಸಿದರೆ ಬಿಳಿ ಮಚ್ಚೆ ಮುಖಕ್ಕೆಲ್ಲ ಹಬ್ಬಬಹುದು, ಮುಟ್ಟದಿರುವುದೇ ಒಳ್ಳೆಯದು ಅಂದರು. ಅಲ್ಲಿಗೆ ಆ ದಾರಿ ಮುಚ್ಚಿತು.

ಹಾವೇರಿಯ ಓಣಿಯಲ್ಲಿ ಹೆಂಗಸರು ಹುಡುಗಿಯನ್ನು ನಲ್ಲಿಯ ಹತ್ತಿರ ತಡೆದು ಕೇಳತೊಡಗಿದರು, "ಗಂಡ ಹೊಡದ್ನೇನ?" ಅಂಗಡಿಗೆ ಬಂದವರು ಅವನನ್ನು ಕೆಣಕಿದರು, "ಏನಪಾ, ಲಗೂನ ಕೈ ಮಾಡೀದಿ." ಮೊದಲು ನಕ್ಕ. ಆಮೇಲೆ ಹೆಂಡತಿಯನ್ನು ಹೊರಗೆ ಕರೆದುಕೊಂಡು ಹೋಗುವುದು ಬಿಟ್ಟ. ಮಂದಿಯ ಬಾಯಿಗೆ ಬೇಸತ್ತು ಅವನು ಕೆಟ್ಟ ಅಂತ ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಮಂದಿಯ ಮಾತು ಕೇಳಿ ಮನೆ ಬಿಟ್ಟು ಹೋಗುವವರೂ ಇದ್ದಾರೆ, ಮಂದಿಗೆ ತಿರುಗಿ ಬೈಯುವವರೂ ಇದ್ದಾರೆ. ಇವನು ಹೆಂಡತಿಯ ಮೇಲೆ ಕೈ ಎತ್ತಿದ. ನೆವ ಸಿಕ್ಕಿತು, ಅಷ್ಟೇ.

ಅದು ತಿಳಿದದ್ದು ಪಂಚಮಿ ಹಬ್ಬಕ್ಕೆ ತವರಿಗೆ ಬಂದವಳು ದೊಡ್ಡವ್ವನನ್ನು ನೋಡಲು ರಾಣೆಬೆನ್ನೂರಿಗೆ ಬಂದಾಗ. ನಾನು ಕಟ್ಟೆಯ ಮೇಲೆ ಸೀರೆ ಹಿಡಿದು ನಿಂತಿದ್ದೆ. ಹುಬ್ಬಿನಕ್ಕ ಅಭ್ಯಾಸಬಲದಿಂದ ಹುಡುಗಿಯ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದಳು. ಕೈ ಹಾಗೇ ನಿಂತಿತು. ದೊಡ್ಡವ್ವ ಹಾಕಿದ್ದ ಬಣ್ಣದ ನೀಲಿ ಅಂಚಿನಾಚೆ, ಕೆನ್ನೆಯ ಕಡೆಗೆ, ಹಸಿರು-ಹಳದಿಯಾಗಿ ಇನ್ನೊಂದು ಬಣ್ಣ ಹರಡಿತ್ತು.

"ಇದು ನಂದಲ್ಲ" ಅಂದಳು.

"ನಿಂದ, ದೊಡ್ಡವ್ವಾ" ಅಂದಳು ಹುಡುಗಿ. "ಎಲ್ಲಾರಿಗೂ ಹಂಗ ಹೇಳೀನಿ."

ಆ ವಾರವೇ ಹಾವೇರಿಯಲ್ಲಿ ಹಿರಿಯರನ್ನು ಕೂಡಿಸಿದ್ದಾಯಿತು. ಹುಬ್ಬಿನಕ್ಕ ನನ್ನನ್ನೂ ಎಳೆದುಕೊಂಡು ಹೋದಳು. ಗಂಡಿನ ದೊಡ್ಡಪ್ಪ, ಓಣಿಯ ಇಬ್ಬರು ಹಿರಿಯರು, ತಂಗಿ, ತಂಗಿಯ ಗಂಡ. ಟ್ಯೂಬ್‌ಲೈಟು ಹಚ್ಚಿದ ಪಡಸಾಲೆ. ಆ ಹುಡುಗ ಗೋಡೆಗೆ ಒರಗಿ ನಿಂತು, ಅತೀ ಮರ್ಯಾದೆಯಿಂದ ಹೇಳಿದ, "ನೀವ ಹಾಕಿದ ಬಣ್ಣ ಅದು. ನೀವ ನನಗ ಕೇಳ್ತೀರೇನ್ರಿ?"

ಎಲ್ಲರೂ ಹುಡುಗಿಯ ಮುಖ ನೋಡಿದರು. ಆ ಬೆಳಕಿನಲ್ಲಿ ಎರಡೂ ಒಂದೇ ಕಲೆಯಾಗಿ ಕಾಣುತ್ತಿತ್ತು, ನನಗೂ ಹಾಗೇ ಕಂಡಿತು.

"ಇಲ್ಲೆ ಕಾಣಂಗಿಲ್ರಿ" ಅಂದಳು ಹುಬ್ಬಿನಕ್ಕ. "ಬಾಗಲದ ಹೊರಗ ಬರ್ರಿ. ಹಗಲ ಬೆಳಕಿನ್ಯಾಗ ಯಾವುದು ನಂದು, ಯಾವುದು ಅಂವಂದು, ನಾ ಬೆರಳ ಇಟ್ಟು ತೋರಸ್ತೀನಿ."

"ಮನಿ ಸೊಸೀನ ಓಣ್ಯಾಗ ನಿಲ್ಲಿಸಿ ತೋರಸ್ಬೇಕೇನ್ರಿ?" ಅಂದರು ದೊಡ್ಡಪ್ಪ.

ನಾನು ಸುಮ್ಮನಿರಲಾರದೆ ನಡುವೆ ಬಾಯಿ ಹಾಕಿದೆ. ಕಟ್ಟೆಯ ಮೇಲೆ ನಾನು ಕಣ್ಣಾರೆ ಕಂಡಿದ್ದೇನೆ, ಎರಡು ಬಣ್ಣ ಬೇರೆ ಬೇರೆ ಅಂದೆ. ಒಬ್ಬ ಹಿರಿಯರು ನಕ್ಕು, "ನೀವು ಜಂಪರ್ ಪೀಸ್ ನೋಡ್ರಿ ಬಾಯಾರ" ಅಂದರು. ಇನ್ನೊಬ್ಬರು ಹುಬ್ಬಿನಕ್ಕನಿಗೆ ಸಮಾಧಾನ ಹೇಳುವಂತೆ ಹೇಳಿದರು, "ತಪ್ಪು ಎಲ್ಲಾರ ಕೈಯಾಗೂ ಆಕ್ಕೈತಿ ಅಕ್ಕಾರ. ಅದನ್ನ ತಂದು ಅಳ್ಯಾನ ತಲಿಗೆ ಕಟ್ಟಬ್ಯಾಡ್ರಿ." ತಂಗಿ ಸೆರಗು ಬಾಯಿಗೆ ಒತ್ತಿಕೊಂಡು ನೆಲ ನೋಡುತ್ತಿದ್ದಳು.

ಹುಡುಗಿಯನ್ನೇ ಕೇಳಿದರು. ಅವಳು ಗಂಡನ ಕಡೆ ನೋಡಲಿಲ್ಲ, ತಾಯಿಯ ಕಡೆ ನೋಡಿದಳು. ತಾಯಿ ತಲೆ ಎತ್ತಲಿಲ್ಲ. "ದೊಡ್ಡವ್ವ ಹಾಕಿದ ಬಣ್ಣಾನ ರೀ" ಅಂದಳು.

ಬಸ್ಸಿನಲ್ಲಿ ಹುಬ್ಬಿನಕ್ಕ ಕಿಟಕಿಯ ಕಡೆ ಕೂತಿದ್ದಳು. ಮೋಟೆಬೆನ್ನೂರು ದಾಟಿದ ಮೇಲೆ ಒಂದೇ ಮಾತು ಆಡಿದಳು, "ಅಂವಗ ಮರೆ ಮಾಡಿಕೊಟ್ಟಾಕಿ ನಾನ." ಅಲ್ಲ ಅಕ್ಕಾ, ಅಲ್ಲ ಅಕ್ಕಾ ಅಂತ ನಾನು ಏನೇನೋ ಹೇಳಿದೆ. ಅವಳಿಗೆ ಕೇಳಿಸಲಿಲ್ಲ. ಹಾಗೆ ನೋಡಿದರೆ ನನ್ನ ಮಾತಿನಲ್ಲೂ ಬಲವಿರಲಿಲ್ಲ. ಹುಡುಗಿಗೆ ಎಷ್ಟು ಸಲ ಫೋನು ಮಾಡಿ ಬಂದುಬಿಡು ಅಂದಳೋ, ಅಷ್ಟು ಸಲವೂ ಆ ಕಡೆಯಿಂದ "ನಾ ಆರಾಮ ಅದೀನಿ ದೊಡ್ಡವ್ವಾ" ಎಂಬ ಒಂದೇ ಉತ್ತರ. ಆಮೇಲೆ ಫೋನು ಎತ್ತುವುದನ್ನೂ ಬಿಟ್ಟಳು.

ಹುಬ್ಬಿನಕ್ಕ ಮತ್ತೆ ಸೂಜಿ ಹಿಡಿಯಲಿಲ್ಲ. ಬಂದವರಿಗೆ ಕಣ್ಣು ಕಾಣುವುದಿಲ್ಲ ಅಂದಳು. ಮಳಿಗೆ ಬಿಟ್ಟು ಬ್ಯಾಡಗಿಗೆ ತಂಗಿಯ ಮನೆಗೆ ಹೋದಳು. ಮಗಳು ಎಂದಾದರೂ ಬಾಗಿಲಿಗೆ ಬಂದರೆ ಒಳಗೆ ಕರೆಯಲು ಒಬ್ಬರಾದರೂ ಇರಬೇಕು ಅಂದಳು. ಎಷ್ಟೋ ವರ್ಷದಿಂದ ನುಂಗುತ್ತಿದ್ದ ಸಕ್ಕರೆ ಕಾಯಿಲೆಯ ಗುಳಿಗೆಯನ್ನು ಅವಳು ಬಿಟ್ಟದ್ದು ಯಾರಿಗೂ ಗೊತ್ತಾಗಲಿಲ್ಲವಂತೆ. ಒಂದೇ ಮನೆಯಲ್ಲಿದ್ದು ಗೊತ್ತಾಗಲಿಲ್ಲವಂತೆ.

ಮಣ್ಣಿಗೆ ಹೋದೆ. ಮೆಣಸಿನಕಾಯಿ ಸುಗ್ಗಿಯ ದಿನಗಳು, ಊರೇ ಘಾಟು, ಬಂದವರೆಲ್ಲ ಸೀನುತ್ತಿದ್ದರು. ಅಂಗಳದಲ್ಲಿ ಹೆಣ ಕೂರಿಸಿದ್ದರು. ಹುಡುಗಿ ಗಂಡನೊಂದಿಗೆ ಬಂದಿದ್ದಳು. ದೊಡ್ಡವ್ವನ ಕಾಲ ಹತ್ತಿರ ಕೂತಿದ್ದಳು. ನಾನು ಅವಳ ಪಕ್ಕ ಕೂತೆ. ಮಧ್ಯಾಹ್ನದ ಬೆಳಕು ನೇರ ಅವಳ ಮುಖಕ್ಕೆ ಬೀಳುತ್ತಿತ್ತು. ಎಡಗಡೆ, ಬಾಯಿಯ ತುದಿಯಲ್ಲಿ, ಆ ಹಳೇ ನೀಲಿ. ಬಲಗಡೆ, ಕಣ್ಣಿನ ಕೆಳಗಿನಿಂದ ಕೆನ್ನೆಯವರೆಗೆ, ಇನ್ನೊಂದು ಹೊಸದು.

ಹಿಂದೆ ಕೂತಿದ್ದ ಹೆಂಗಸೊಬ್ಬಳು ಪಕ್ಕದವಳಿಗೆ ಹೇಳುತ್ತಿದ್ದಳು, "ಪಾಪ, ಎರಡೂ ಗಲ್ಲಕ್ಕ ಬಣ್ಣ ಹಾಕಿ ಕೆಡಿಸಿ ಹೋದ್ಲು ನೋಡು ದೊಡ್ಡವ್ವ."

"ಬಲಗಡೆ ಆಕಿ ಸೂಜಿ ಮುಟ್ಟಿಸಿಲ್ಲ" ಅಂದೆ ನಾನು. ಎಲ್ಲರಿಗೂ ಕೇಳುವ ಹಾಗೇ ಅಂದೆ. ಗಂಡಸರ ಗುಂಪಿನಲ್ಲಿದ್ದ ಅವನು ಇತ್ತ ತಿರುಗಿ ನೋಡಿದ. ಹುಡುಗಿ ಸೆರಗು ಎಳೆದು ಬಲಗೆನ್ನೆ ಮುಚ್ಚಿಕೊಂಡಳು, ನನ್ನ ಮುಂಗೈ ಗಟ್ಟಿಯಾಗಿ ಹಿಡಿದು, "ಸುಮ್ನಿರ್ರಿ ಚಿಗವ್ವಾ, ನಿಮಗ ಕೈ ಮುಗೀತೀನಿ" ಅಂದಳು.